ಪ್ರಯಾಣಿಕರ ದೋಣಿಯ ಆಸನಗಳು: ದುರಸ್ತಿಯೇ, ಬದಲಾವಣೆಯೇ?

ನಡುನೀರಿನಲ್ಲಿ ಆಸನ ಕಳಚಿದಲ್ಲಿ ಪ್ರಯಾಣಿಕರು ಒಂದೇ ಬದಿಗೆ ಸರಿದು ದೋಣಿಯ ಸಮತೋಲನ ತಪ್ಪುವ ಅಪಾಯವಿರುತ್ತದೆ. ಆದುದರಿಂದ ಸರ್ವೆ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ಮುನ್ನ ಮಾಲೀಕರು ಆಸನಗಳನ್ನು ಈ ಕೆಳಕಂಡಂತೆ ಪರಿಶೀಲಿಸುವುದು ಸೂಕ್ತ.

1. ದುರಸ್ತಿ ಸಾಕಾಗುವ ಸಂದರ್ಭ: ಅಡಿಹಲಗೆ ಗಟ್ಟಿಯಿದ್ದು, ಹೊದಿಕೆ ಮಾತ್ರ ಹರಿದಿದ್ದಲ್ಲಿ ಅಥವಾ ಹೊಲಿಗೆ ಬಿಟ್ಟಿದ್ದಲ್ಲಿ. ನೀರು ಹೀರಿ ಒಣಗದ ಫೋಮ್ ಹಾಗೂ ತುಕ್ಕು ಹಿಡಿದ ಬೋಲ್ಟ್‌ಗಳನ್ನಷ್ಟೇ ಬದಲಾಯಿಸಬಹುದು.

2. ಆಸನವನ್ನೇ ಬದಲಾಯಿಸಬೇಕಾದ ಸಂದರ್ಭ: ಸ್ಕ್ರೂಡ್ರೈವರ್‌ನ ಮೊನೆ ಒತ್ತಿದಾಗ ಹಲಗೆಯೊಳಗೆ ಇಳಿದಲ್ಲಿ, ಪ್ಲೈವುಡ್ ಪದರ ಬಿಟ್ಟಿದ್ದಲ್ಲಿ ಅಥವಾ ಫೈಬರ್ ಆಸನದ ಬುಡ ಬಿರುಕು ಬಿಟ್ಟಿದ್ದಲ್ಲಿ. ಇಂತಹ ಆಸನಕ್ಕೆ ಹೊಸ ಹೊದಿಕೆ ಹಾಕಿದರೆ ದೋಷ ಮರೆಯಾಗುವುದೇ ಹೊರತು ನಿವಾರಣೆಯಾಗದು.

ಸೂಚನೆ: ಒಳನಾಡು ಹಡಗುಗಳ ಅಧಿನಿಯಮ, 2021ರನ್ವಯ ನೋಂದಾಯಿತ ದೋಣಿಯ ಬಲ, ಸ್ಥಿರತೆ ಅಥವಾ ಸುರಕ್ಷತೆಯನ್ನು ಬಾಧಿಸುವ ಮಾರ್ಪಾಡಿಗೆ ಪೂರ್ವಾನುಮೋದನೆ ಅಗತ್ಯ. ಆಸನಗಳ ಸಂಖ್ಯೆ, ಸ್ಥಾನ ಅಥವಾ ತೂಕ ಬದಲಾಗುವಂತಿದ್ದಲ್ಲಿ ಕೆಲಸ ಆರಂಭಿಸುವ ಮೊದಲೇ ಸರ್ವೇಯರ್ ಅವರನ್ನು ಸಂಪರ್ಕಿಸುವುದು.