ಕರೆಂಟ್‌ಗೂ ಒಂದು ಅಡ್ರೆಸ್ ಇದೆ

ಬಿ.ಕಾಂ.ನಲ್ಲಿ ನಾನು ಕಲಿತಿದ್ದು ಒಂದು ಮಾರುಕಟ್ಟೆ, ಒಂದು ಬೆಲೆ ಅಂತ. ಕರೆಂಟ್ ವಿಷಯದಲ್ಲಿ ಆ ಪಾಠ ಕೈಕೊಡುತ್ತೆ.

ಅಮೆರಿಕದ ಎಂಐಟಿಯ ಫ್ರೆಡ್ ಶ್ವೆಪ್ಪೆ ಮತ್ತು ಜೊತೆಗಾರರು 1988ರ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ರು. ಲೈನ್ ತುಂಬಿಹೋದ್ರೆ ಅಗ್ಗದ ಕರೆಂಟ್ ಆಚೆ ದಾಟಲ್ಲ, ಆ ಕಡೆ ದುಬಾರಿ ಸ್ಥಾವರವೇ ಓಡಬೇಕು. ಹಾಗಾಗಿ ಜಾಗಕ್ಕೊಂದು ಬೆಲೆ.

ಅಲ್ಲಿನ ಪಿಜೆಎಂ ಗ್ರಿಡ್ 1997ರಲ್ಲಿ ಎಲ್ಲರಿಗೂ ಒಂದೇ ಬೆಲೆ ಇಟ್ಟು ನೋಡ್ತು. ಲೈನ್ ಜಾಮ್ ಆದಾಗ ಲೆಕ್ಕ ಹಳಿ ತಪ್ಪಿತು. 1998ರ ಏಪ್ರಿಲ್ 1ರಿಂದ ಪಾಯಿಂಟಿಗೊಂದು ಬೆಲೆ ಬಂತು. ಟೆಕ್ಸಾಸ್ 2010ರ ಡಿಸೆಂಬರ್‌ನಲ್ಲಿ ಅದೇ ದಾರಿ ಹಿಡೀತು.

ನಮಗೂ ಈ ಬಿಸಿ ತಟ್ಟಿದೆ. ಉತ್ತರದಿಂದ ಬರೋ ಲೈನ್ ಸಾಲದೆ, ಎಕ್ಸ್‌ಚೇಂಜ್‌ನಲ್ಲಿ ದಕ್ಷಿಣದ ಬೆಲೆ ಎಷ್ಟೋ ಸಲ ಮೇಲಿರ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಲೈನ್ ಚಾಲೂ ಆಗಿ ದೇಶದ ಗ್ರಿಡ್ ಒಂದಾಯ್ತು. ಆದ್ರೆ ಬೆಲೆ ಅಂತರ ಮರುದಿನವೇ ಮಾಯ ಆಗಲಿಲ್ಲ.

ಈಗ ಈ ಕೆಲಸಕ್ಕೆ ಎಐ ಏಜೆಂಟ್ ಬಂದಿದೆ. ‘ಹ್ಯೂಸ್ಟನ್‌ನಲ್ಲಿ ರೇಟ್ ಎಷ್ಟು?’ ಅಂದ್ರೆ ಅದು ಯಾವುದನ್ನ ನೋಡಬೇಕು? ಹ್ಯೂಸ್ಟನ್ ಹಬ್ಬೋ, ಹ್ಯೂಸ್ಟನ್ ಲೋಡ್ ಝೋನೋ, ಒಂದು ಸ್ಥಾವರದ ಪಾಯಿಂಟೋ? ಮೂರರ ಬೆಲೆಯೂ ಬೇರೆ ಇರಬಹುದು. ಪಟ್ಟಿ ಕೈಯಲ್ಲಿಲ್ಲದ ಏಜೆಂಟ್ ಊಹೆ ಮಾಡುತ್ತೆ, ಬ್ಯಾಟರಿಯ ಕರೆಂಟನ್ನ ತಪ್ಪು ಹೊತ್ತಲ್ಲಿ ಮಾರುತ್ತೆ. ನಷ್ಟ ಮಾತ್ರ ಮನುಷ್ಯರ ಲೆಕ್ಕಕ್ಕೆ. ಅದಕ್ಕೇ ಪಾಯಿಂಟಿನ ಸರಿಯಾದ ಹೆಸರು ಹುಡುಕಿಕೊಡೋ ಟೂಲ್ ಬೇಕು.

ರೇಟ್ ಎಷ್ಟು ಅನ್ನೋಕೆ ಮುಂಚೆ, ಎಲ್ಲಿ ಅಂತ ಕೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.