ಅತಂತ್ರಳಾದ ಹೆಣ್ಣು ಮತ್ತು 1939ರ ಕಾಯಿದೆ

ಒಂದು ಶುಕ್ರವಾರ ಜುಮಾ ನಮಾಝ್ ಮುಗಿದು ಸಫ್‌ಗಳೆಲ್ಲ ಖಾಲಿಯಾದ ಮೇಲೂ ಹಿರಿಯರೊಬ್ಬರು ಮಿಂಬರ್‌ನ ಬಳಿ ಕುಳಿತೇ ಇದ್ದರು. ಮಗಳ ವಿಷಯ. ದುಡಿಯಲು ಹೋದ ಅಳಿಯ ನಾಲ್ಕು ವರ್ಷ ದಾಟಿದರೂ ಪತ್ತೆಯಿಲ್ಲ. ಹಣವಿಲ್ಲ, ಫೋನಿಲ್ಲ. ಆರು ವರ್ಷದ ಮೊಮ್ಮಗನಿದ್ದಾನೆ.

“ಹಝ್ರತ್, ಅವನು ತಲಾಕ್ ಕೊಡದೆ ನನ್ನ ಮಗಳಿಗೆ ಬಿಡುಗಡೆಯೇ ಇಲ್ಲ ಅಂತಾರೆ. ಕೋರ್ಟಿಗೆ ಹೋದರೆ ಶರೀಅತ್‌ಗೆ ವಿರುದ್ಧವಂತೆ. ಅವಳು ಇನ್ನೊಂದು ನಿಕಾಹ್ ಆದರೆ ಮಗುವನ್ನು ಅವನ ಮನೆಯವರು ಕರೆದುಕೊಂಡು ಹೋಗ್ತಾರಂತೆ. ಹೌದಾ?”

ಈ ಮೂರು ಮಾತುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಆದರೂ ಇವು ಇಂದಿಗೂ ಮಸೀದಿಯ ಜಗಲಿಯಲ್ಲಿ ಓಡಾಡುತ್ತಿವೆ ಎಂದರೆ ನಮ್ಮದೇ ಚರಿತ್ರೆಯನ್ನು ನಾವು ಮರೆತಿದ್ದೇವೆ ಎಂದರ್ಥ. ಮುಂದಿನ ಜುಮಾದಲ್ಲಿ ಆ ಚರಿತ್ರೆಯನ್ನೇ ಹೇಳಿದೆವು. ಅದರ ಸಾರಾಂಶ ಇಲ್ಲಿದೆ.

ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 129ನೇ ಸೂಕ್ತದಲ್ಲಿ, ಹೆಂಡತಿಯನ್ನು ಅತ್ತ ಗಂಡನುಳ್ಳವಳೂ ಅಲ್ಲ, ಇತ್ತ ಬಿಡುಗಡೆಯಾದವಳೂ ಅಲ್ಲ ಎಂಬಂತೆ ತೂಗುಬಿಡಬಾರದು ಎಂಬ ಎಚ್ಚರಿಕೆಯಿದೆ. ಗಂಡ ತಾನಾಗಿ ತಲಾಕ್ ಕೊಡದಿದ್ದಾಗ ಹೆಣ್ಣಿಗೆ ಖುಲಾ ಇದೆ, ಖಾಝಿಯ ಮುಂದೆ ಫಸ್ಖ್ ಇದೆ. ಆದರೆ ಬ್ರಿಟಿಷರ ಆಳ್ವಿಕೆಯಲ್ಲಿ ಎರಡು ತೊಡಕುಗಳು ಒಟ್ಟಿಗೆ ಬಂದವು. ತೀರ್ಪು ಕೊಡುವ ಖಾಝಿಗಳ ಅಧಿಕಾರ ಹೋಯಿತು. ಉತ್ತರ ಭಾರತದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ ಫಸ್ಖ್‌ನ ಕಾರಣಗಳು ಬಹಳ ಕಡಿಮೆ. ಕಾಣೆಯಾದ ಗಂಡನ ಹೆಂಡತಿ ಅವನ ಓರಗೆಯವರೆಲ್ಲ ತೀರಿಹೋಗುವಷ್ಟು ಕಾಲ ಕಾಯಬೇಕು ಎಂಬುದು ಹಳೆಯ ಹನಫಿ ಅಭಿಪ್ರಾಯ. ಅಂದರೆ ಹೆಂಡತಿಯ ಯೌವನವಿರಲಿ, ಆಯುಷ್ಯವೇ ಮುಗಿದಿರುತ್ತದೆ.

ಇದರ ಪರಿಣಾಮ ಹೇಳಲು ನಾಲಿಗೆ ತಡವರಿಸುತ್ತದೆ. ಪಂಜಾಬಿನಲ್ಲಿ ಕೆಲವು ಮುಸ್ಲಿಮ್ ಹೆಣ್ಣುಮಕ್ಕಳು ಗಂಡನಿಂದ ಬಿಡುಗಡೆ ಪಡೆಯಲಿಕ್ಕಾಗಿ ಇಸ್ಲಾಮನ್ನೇ ಬಿಟ್ಟೆವೆಂದು ಕೋರ್ಟಿನಲ್ಲಿ ಹೇಳಿಕೆ ಕೊಡತೊಡಗಿದರು. ಧರ್ಮ ತೊರೆದರೆ ನಿಕಾಹ್ ಮುರಿಯುತ್ತದೆ ಎಂಬ ಹನಫಿ ಅಭಿಪ್ರಾಯವನ್ನು ಕೋರ್ಟುಗಳು ಹಿಡಿದುಕೊಂಡಿದ್ದವು. ಅಲ್ಲಾಮಾ ಇಕ್ಬಾಲ್ ತಮ್ಮ ಇಂಗ್ಲಿಷ್ ಉಪನ್ಯಾಸಗಳಲ್ಲಿ ಈ ಸಂಗತಿಯನ್ನು ನೋವಿನಿಂದ ಎತ್ತಿದ್ದಾರೆ. ಆ ಹೆಣ್ಣುಮಕ್ಕಳಿಗೆ ಈಮಾನ್ ಕಡಿಮೆಯಿತ್ತು ಎಂದು ನಾವು ಹೇಳಲಾರೆವು. ಬಾಗಿಲು ತೆರೆಯಬೇಕಾದವರು ತೆರೆಯಲಿಲ್ಲ.

ತೆರೆದವರು ಯಾರು ಎಂಬುದನ್ನು ಗಮನಿಸಬೇಕು. ಥಾನಾಭವನದ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಅಪ್ಪಟ ಹನಫಿ, ದೇವ್‌ಬಂದಿನ ದೊಡ್ಡ ಆಲಿಮ್. ಯಾವ ಕೋನದಿಂದ ನೋಡಿದರೂ ಅವರನ್ನು ಹೊಸಗಾಳಿಯವರು ಎನ್ನಲು ಬಾರದು. 1930ರ ದಶಕದ ಆರಂಭದಲ್ಲಿ ಅವರು ಮದೀನಾದ ಮಾಲಿಕಿ ಉಲಮಾಗಳೊಂದಿಗೆ ಪತ್ರವ್ಯವಹಾರ ನಡೆಸಿ ‘ಅಲ್ ಹೀಲತುನ್ನಾಜಿಝಾ’ ಎಂಬ ಗ್ರಂಥ ಹೊರತಂದರು. ಕಾಣೆಯಾದ ಗಂಡ, ಖರ್ಚು ಕೊಡದ ಗಂಡ, ಹುಚ್ಚು ಹಿಡಿದ ಗಂಡ ಮುಂತಾದ ಪ್ರಕರಣಗಳಲ್ಲಿ ಅನಿವಾರ್ಯತೆ ಇರುವುದರಿಂದ ಮಾಲಿಕಿ ಮದ್‌ಹಬ್‌ನಂತೆ ನಡೆಯಬಹುದು ಎಂದರು. ಮುಸ್ಲಿಮ್ ಖಾಝಿ ಇಲ್ಲದ ಕಡೆ ದೀನ್‌ದಾರರಾದ ಮುಸ್ಲಿಮರ ಒಂದು ಜಮಾಅತ್ ಕೂಡ ತೀರ್ಮಾನ ಕೊಡಬಹುದು ಎಂಬ ಮಾಲಿಕಿ ಅಭಿಪ್ರಾಯವನ್ನೂ ಮುಂದಿಟ್ಟರು. ಜಮಾಅತ್ ಕಮಿಟಿಯಲ್ಲಿ ಕೂರುವ ನಾವೆಲ್ಲ ಈ ಮಾತನ್ನು ಎರಡು ಸಲ ಓದಬೇಕು. ಎಷ್ಟೋ ಅರ್ಜಿಗಳ ಮೇಲೆ ‘ಸಂಧಾನ ನಡೆಯುತ್ತಿದೆ’ ಎಂದು ಬರೆದು ರಿಜಿಸ್ಟರ್ ಮುಚ್ಚಿಟ್ಟವರಲ್ಲಿ ನಾವೂ ಇದ್ದೇವೆ.

ಇದೇ ಚಿಂತನೆಯ ಬಲದ ಮೇಲೆ ಖಾಝಿ ಮುಹಮ್ಮದ್ ಅಹ್ಮದ್ ಕಾಝ್ಮಿಯವರು ಕೇಂದ್ರ ಶಾಸನಸಭೆಯಲ್ಲಿ 1936ರಲ್ಲಿ ಮಸೂದೆ ಮಂಡಿಸಿದರು. ಜಮೀಅತುಲ್ ಉಲಮಾ ಬೆಂಬಲಿಸಿತು. ಮುಸ್ಲಿಮ್ ನ್ಯಾಯಾಧೀಶರೇ ತೀರ್ಪು ಕೊಡಬೇಕು ಎಂಬ ಕಲಮು ಚರ್ಚೆಯಲ್ಲಿ ಬಿದ್ದುಹೋಯಿತು. ಉಲಮಾಗಳ ಆ ಅಸಮಾಧಾನ ಕೊನೆಯವರೆಗೂ ಉಳಿಯಿತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೂ 1939ರ ಮಾರ್ಚ್‌ನಲ್ಲಿ ‘ಮುಸ್ಲಿಮ್ ವಿವಾಹ ವಿಸರ್ಜನಾ ಕಾಯಿದೆ’ ಜಾರಿಗೆ ಬಂತು. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಜೈಲುಶಿಕ್ಷೆಯಾದರೆ, ಕ್ರೌರ್ಯ ನಡೆಸಿದರೆ ಹೆಂಡತಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದು. ಹೀಗೆ ಬಿಡುಗಡೆಯಾದರೂ ಅವಳ ಮಹ್ರ್‌ನ ಹಕ್ಕು ಹೋಗುವುದಿಲ್ಲ. ಧರ್ಮ ತೊರೆದ ಮಾತ್ರಕ್ಕೆ ನಿಕಾಹ್ ಮುರಿಯದು ಎಂದೂ ಅದರಲ್ಲೇ ಬರೆಯಲಾಯಿತು.

ಈ ನಾಲ್ಕು ವರ್ಷ ಎಲ್ಲಿಂದ ಬಂತು? ಇಮಾಮ್ ಮಾಲಿಕ್(ರ)ರ ಫಿಕ್ಹ್‌ನಿಂದ. ಕೋರ್ಟಿನ ಕಾಗದದಲ್ಲಿರುವ ಈ ಅಂಕಿ ಮದೀನಾದಿಂದ ಬಂದದ್ದು.

ಮಕ್ಕಳ ಬಗ್ಗೆ ಈ ಕಾಯಿದೆಯಲ್ಲಿ ಒಂದು ಮಾತೂ ಇಲ್ಲ. ಅದಕ್ಕೆ 1890ರ ಪೋಷಕರು ಮತ್ತು ಪಾಲಿತರ ಕಾಯಿದೆಯಿದೆ. ಅಲ್ಲಿ ಕೋರ್ಟು ಮೊದಲು ನೋಡುವುದು ಮಗುವಿನ ಹಿತವನ್ನು. ನಮ್ಮ ಫಿಕ್ಹ್‌ನಲ್ಲಿ ಇದು ಹಿಝಾನತ್‌ನ ಅಧ್ಯಾಯ. ಹನಫಿಗಳಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರಬೇಕು. ಶಾಫಿಈಗಳಲ್ಲಿ ತಿಳುವಳಿಕೆ ಬಂದ ಮೇಲೆ, ಸುಮಾರು ಏಳರ ಹೊತ್ತಿಗೆ, ಮಗುವನ್ನೇ ಕೇಳಲಾಗುತ್ತದೆ. ಮಗು ಯಾರ ಬಳಿಯಿದ್ದರೂ ಖರ್ಚು ತಂದೆಯದ್ದೇ. ತಾಯಿ ಪರಕೀಯನನ್ನು ಮದುವೆಯಾದರೆ ಹಕ್ಕು ತಪ್ಪುತ್ತದೆ ಎಂಬುದನ್ನು ನಮ್ಮವರು ಚೆನ್ನಾಗಿ ಬಲ್ಲರು. ಆದರೆ ಆಗ ಹಕ್ಕು ತಂದೆಯ ಮನೆಗಲ್ಲ, ತಾಯಿಯ ತಾಯಿಗೆ ಹೋಗುತ್ತದೆ ಎಂಬ ಮುಂದಿನ ಸಾಲನ್ನು ಯಾರೂ ಹೇಳುವುದಿಲ್ಲ. ಇಂದಿನ ಕೋರ್ಟುಗಳಂತೂ ಮರುಮದುವೆಯೊಂದನ್ನೇ ಕಾರಣ ಮಾಡಿ ತಾಯಿಯಿಂದ ಮಗುವನ್ನು ಬಿಡಿಸುವುದಿಲ್ಲ.

ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಒಂದು ಘಟನೆಯಿದೆ. ಹಝ್ರತ್ ಉಮರ್(ರ) ತಾವು ತಲಾಕ್ ಕೊಟ್ಟ ಅನ್ಸಾರಿ ಪತ್ನಿಯಿಂದ ಆಸಿಮ್ ಎಂಬ ಮಗನನ್ನು ಪಡೆದಿದ್ದರು. ಒಂದು ದಿನ ಖುಬಾಕ್ಕೆ ಬಂದಾಗ ಮಗು ಮಸೀದಿಯ ಅಂಗಳದಲ್ಲಿ ಆಡುತ್ತಿರುವುದು ಕಂಡಿತು. ತೋಳು ಹಿಡಿದೆತ್ತಿ ತಮ್ಮ ಸವಾರಿಯ ಮೇಲೆ ಕೂರಿಸಿಕೊಂಡರು. ಅಷ್ಟರಲ್ಲಿ ಮಗುವಿನ ಅಜ್ಜಿ, ತಾಯಿಯ ತಾಯಿ, ಓಡಿಬಂದು ತಡೆದರು. ಇಬ್ಬರೂ ಖಲೀಫ ಅಬೂಬಕರ್(ರ)ರ ಮುಂದೆ ನಿಂತರು. ಮಗುವನ್ನು ಅಜ್ಜಿಗೆ ಬಿಟ್ಟುಕೊಡುವಂತೆ ಖಲೀಫರು ಉಮರ್‌ರಿಗೇ ಹೇಳಿದರು. ಉಮರ್(ರ) ಎದುರು ಮಾತನಾಡಲಿಲ್ಲ.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟು: ಮೊಮ್ಮಗ ಈಗ ಇರುವಲ್ಲೇ ಇರಲಿ. ಮಗಳ ಹೆಸರಿನಲ್ಲಿ ವಕೀಲರ ಮೂಲಕ ಅರ್ಜಿ ಹಾಕಿಸಿ. ಕಾಣೆಯಾದ ಕಾರಣ ಕೊಟ್ಟರೆ ಅಳಿಯನ ವಾರಸುದಾರರಿಗೆ ನೋಟಿಸ್ ಹೋಗುತ್ತದೆ, ಡಿಕ್ರಿಯಾದರೂ ಆರು ತಿಂಗಳು ಜಾರಿಗೆ ಬರುವುದಿಲ್ಲ. ಅಷ್ಟರೊಳಗೆ ಅವನು ಬಂದು ಸಂಸಾರ ನಡೆಸುತ್ತೇನೆಂದು ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ಡಿಕ್ರಿ ರದ್ದಾಗುತ್ತದೆ. ಜೀವನಾಂಶ ಕೊಡದ ಕಾರಣವನ್ನೂ ಸೇರಿಸಿ, ಅದಕ್ಕೆ ಈ ಆರು ತಿಂಗಳ ಷರತ್ತಿಲ್ಲ. ಡಿಕ್ರಿ ಕೈಗೆ ಬಂದಮೇಲೆ ಇದ್ದತ್‌ನ ಲೆಕ್ಕ ನಾವು ಹೇಳಿಕೊಡುತ್ತೇವೆ.

ಅವರು ನಿಕಾಹ್‌ನಾಮೆಯ ನಕಲು ಕೇಳಿದರು. ನಮ್ಮ ರಿಜಿಸ್ಟರಿನಲ್ಲಿತ್ತು. ಅಂದೇ ಮೊಹರು ಹಾಕಿ ಕೊಟ್ಟೆವು.