ಬ್ರಹ್ಮಗಿರಿಯ ಬಂಡೆಯೂ ನನ್ನ ಎಂಬಿಎ ಪ್ರಬಂಧವೂ

ನಮ್ಮೂರು ಮೊಳಕಾಲ್ಮೂರು ತಾಲೂಕಿನ ಬಿ.ಜಿ. ಕೆರೆ. ಓದಿದ್ದು ಬಿಕಾಂ. ಎಂಬಿಎಗೆ ಅರ್ಜಿ ಹಾಕೋಕೆ ಕೂತಾಗ ಒಂದು ಪ್ರಶ್ನೆಗೆ ಸಿಕ್ಕಿಬಿದ್ದೆ. ಹೈದರಾಬಾದಿನ ಐಎಸ್‌ಬಿಯಂಥ ಕಡೆ ಅಂಕಗಳ ಜೊತೆ ಪ್ರಬಂಧಾನೂ ಕೇಳ್ತಾರೆ. ನಮ್ಮ ಬದುಕಿನ ಯಾವ ಅನುಭವ ಬರೀಬೇಕು?

ಮೊದಲು ಕಾಲೇಜ್ ಫೆಸ್ಟ್ ಬಗ್ಗೆ ಬರೆದೆ. ಸ್ಟೇಜು, ಸ್ಪಾನ್ಸರು, ನೂರಾರು ಜನ. ಓದಿದ ಗೆಳತಿ, "ಇದರಲ್ಲಿ ನೀನೇ ತಗೊಂಡ ನಿರ್ಧಾರ ಯಾವುದು?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಅದೇ ವಾರ ನಮ್ಮ ತಾಲೂಕಿನದೇ ಆದ ಬ್ರಹ್ಮಗಿರಿಗೆ ಹೋಗಿದ್ದೆ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದ್ದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದ್ರೆ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು.

ಚಕ್ರವರ್ತಿ ಅಂದಮೇಲೆ ಗೆದ್ದ ಯುದ್ಧದ ಮಾತು ಇರಬೇಕಲ್ವಾ? ಇಲ್ಲಿ ಕಳಿಂಗದ ಹೆಸರೇ ಇಲ್ಲ. ಅಶೋಕ ಹೇಳೋದರ ಸಾರ ಇಷ್ಟು: ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ಸರಿಯಾಗಿ ಶ್ರಮಪಡಲಿಲ್ಲ. ಸಂಘದ ಹತ್ತಿರ ಹೋದಮೇಲೆ, ವರ್ಷಕ್ಕೂ ಮಿಕ್ಕಿ, ಚೆನ್ನಾಗಿ ಶ್ರಮಪಟ್ಟಿದ್ದೇನೆ. ಇದರ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತೆ.

ಅಷ್ಟು ದೊಡ್ಡ ರಾಜ ತನ್ನ ಕೊರತೆಯನ್ನೇ ಬಂಡೆ ಮೇಲೆ ಕೊರೆಸಿದಾನೆ. ಎಡವಿದ್ದು, ತಿದ್ದಿಕೊಂಡಿದ್ದು, ಎರಡೂ ಅಲ್ಲಿದೆ. ನಾನು ಫೆಸ್ಟ್ ಕಥೆ ಅಳಿಸಿಹಾಕಿದೆ.

ಬದಲಿಗೆ ನಮ್ಮ ಮನೆ ಶೇಂಗಾದ ಕಥೆ ಬರೆದೆ. ಡಿಗ್ರಿ ಮುಗಿಸಿದ ವರ್ಷ ಎಕ್ಸೆಲ್ ಶೀಟ್ ತೋರಿಸಿ, "ಅಪ್ಪಾ, ಈಗ ಮಾರಬ್ಯಾಡ, ರೇಟ್ ಏರ್ತತೆ" ಅಂದಿದ್ದೆ. ರೇಟ್ ಬಿತ್ತು. ಸಾಲದ ಬಡ್ಡಿಯನ್ನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮರುವರ್ಷ ಅರ್ಧ ಬೆಳೆಯನ್ನ ಸುಗ್ಗಿಯಲ್ಲೇ ಮಾರಿ ಸಾಲ ತೀರಿಸೋಣ ಅಂದೆ, ಉಳಿದರ್ಧ ಇಟ್ಕೊಂಡ್ವಿ. ಆ ತಪ್ಪೂ ನಂದೇ, ಆಮೇಲಿನ ನಿರ್ಧಾರಾನೂ ನಂದೇ.

ಆದರೆ ನಷ್ಟ ಅಪ್ಪಂದು. ಅದನ್ನ ಬರೀಲಾ ಅಂತ ಕೇಳಿದೆ. "ಊರಿಗೆಲ್ಲ ಗೊತ್ತಿರೋದೇ ಐತಲ್ಲ, ಬರಿ" ಅಂದರು.

ನೀವೂ ಅರ್ಜಿ ಬರೀತಿದ್ರೆ ದೊಡ್ಡ ಘಟನೆ ಹುಡುಕಬೇಡಿ. ನೀವು ತಗೊಂಡ ನಿರ್ಧಾರ, ಅದಕ್ಕೆ ತೆತ್ತ ಬೆಲೆ, ಆಮೇಲೆ ಬದಲಾದದ್ದು, ಈ ಮೂರೂ ಇರೋ ಅನುಭವ ಆರಿಸ್ಕೊಳ್ಳಿ.

ಇಂಟರ್‌ವ್ಯೂನಲ್ಲಿ ನನ್ನನ್ನ ಹೆಚ್ಚು ಹೊತ್ತು ಕೇಳಿದ್ದು ಆ ಬಡ್ಡಿ ಲೆಕ್ಕಾನೇ. ಈ ಸಲ ಸರಿಯಾಗಿ ಹೇಳಿದೆ. ಮುಂದಿನ ಕಂತಲ್ಲಿ ಸಿಗೋಣ.